ಸ್ವಾಮಿಯ ಅಪ್ಪ, ನಮ್ಮ ಅಬ್ಬಾ

1987ರಲ್ಲಿ ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಇದ್ದದ್ದು ಎರಡೇ ಟಿವಿ. ಒಂದು ಹಾಜಿ ಸಾಹೇಬರ ಮಾಳಿಗೆಯ ಮೇಲೆ. ಅಲ್ಲಿಗೆ ಮಕ್ಕಳನ್ನು ಬಿಡುತ್ತಿರಲಿಲ್ಲ. ಇನ್ನೊಂದು ಎದುರು ಮನೆಯ ಗೌಡರ ಪಡಸಾಲೆಯಲ್ಲಿ. ಅಲ್ಲಿ ಓಣಿಯ ಹುಡುಗರೆಲ್ಲ ಹೊಸ್ತಿಲವರೆಗೆ ತುಂಬಿಕೊಳ್ಳುತ್ತಿದ್ದರು. ಆದರೆ ನಮಗೆ ಮಾತ್ರ ಮುಂದಿನ ಸಾಲಿನಲ್ಲಿ ಜಾಗ ಕಾದಿರುತ್ತಿತ್ತು. ಕಾರಣ ಇಷ್ಟೇ: ದೂರದರ್ಶನದಲ್ಲಿ ಬರುತ್ತಿದ್ದುದು ಬಹುಪಾಲು ಹಿಂದಿ. ಗೌಡರ ಅವ್ವನಿಗೆ ಹಿಂದಿ ತಿಳಿಯದು. ಮನೆಯಲ್ಲಿ ದಖ್ಖನಿ ಮಾತಾಡುವ ನಮಗೆ ತಿಳಿಯುತ್ತಿತ್ತು. “ಏ ಹುಡುಗ್ರಾ, ಮುಂದ ಬಂದು ಕುಂಡರ್ರಿ. ಅಂವಾ ಈಗ ಏನಂದಾ ಹೇಳ್ರಿ” ಎಂದು ಅವ್ವ ಕರೆಯುತ್ತಿದ್ದಳು. ನಾವು ಹೇಳುತ್ತಿದ್ದೆವು. ಕೂಲಿ ಒಂದೊಂದು ಹಿಡಿ ಚುರಮರಿ.

ನಾವೆಂದರೆ ಇಬ್ಬರು ತಂಗಿಯರು ಮತ್ತು ಒಬ್ಬ ತಮ್ಮ. ಎಲ್ಲರಿಗಿಂತ ಹಿರಿಯ ಅಣ್ಣನನ್ನು ನಾವು ಭಾಯಿಜಾನ್ ಎನ್ನುತ್ತೇವೆ. ಈ ಬರಹದಲ್ಲೂ ಹಾಗೆಯೇ ಇರಲಿ.

ಆ ಪಡಸಾಲೆಯಲ್ಲಿ ನಾವು ಅನುವಾದ ಮಾಡಿದ ಧಾರಾವಾಹಿಗಳಲ್ಲಿ ಇಂದಿಗೂ ನೆನಪಿನಲ್ಲಿ ಉಳಿದದ್ದು ‘ಮಾಲ್ಗುಡಿ ಡೇಸ್’. ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ್ದರು. ಸ್ವಾಮಿಯ ಪಾತ್ರ ಮಾಸ್ಟರ್ ಮಂಜುನಾಥನದು, ತಾಯಿ ವೈಶಾಲಿ ಕಾಸರವಳ್ಳಿ, ತಂದೆ ಗಿರೀಶ ಕಾರ್ನಾಡ. ಕಾರ್ನಾಡರು ತೆರೆಯ ಮೇಲೆ ಬಂದ ಮೊದಲ ದಿನವೇ ಭಾಯಿಜಾನ್ ಎದ್ದು ನಿಂತು, “ಈ ಮನುಷ್ಯಾ ನಮ್ಮ ಧಾರವಾಡದಾಂವ!” ಎಂದು ಸಾರಿದ. ಗೌಡರ ಅವ್ವ ಕೂಡಲೇ ಕೇಳಿದಳು: “ಧಾರವಾಡದಾಂವ ಅಂದಮ್ಯಾಲೆ ಹಿಂದ್ಯಾಗ ಯಾಕ ಮಾತಾಡ್ತಾನ?”

ಅದಕ್ಕೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಒಂದು ಸಂಜೆ ನಮ್ಮನ್ನು ಹುಡುಕಿಕೊಂಡು ಅಬ್ಬಾ ಅಲ್ಲಿಗೇ ಬಂದರು. ರೇಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ಅವರು ಡ್ಯೂಟಿ ಮುಗಿಸಿ, ಕೈಗೆ ಗ್ರೀಸಿನ ವಾಸನೆ ಹಚ್ಚಿಕೊಂಡೇ ಬಾಗಿಲಲ್ಲಿ ನಿಂತಿದ್ದರು. ಅಂದು ಬರುತ್ತಿದ್ದುದು ಸ್ವಾಮಿ ಒಬ್ಬನೇ ಅಪ್ಪನ ಆಫೀಸು ಕೋಣೆಯಲ್ಲಿ ಮಲಗಬೇಕಾದ ಕಥೆ. ಮಗ ಅಂಜುಬುರುಕನಾಗಬಾರದು ಎಂಬುದು ಅಪ್ಪನ ಹಟ. ಹುಡುಗ ಹೆದರಿ ನಡುಗುತ್ತಾನೆ, ಆದರೆ ಕಡೆಗೆ ಮನೆಗೆ ನುಗ್ಗಿದ ಕಳ್ಳನ ಕಾಲು ಕಚ್ಚಿ ಹಿಡಿಸಿಕೊಡುತ್ತಾನೆ. ಅಬ್ಬಾ ಕಥೆ ಮುಗಿಯುವವರೆಗೂ ನಿಂತೇ ನೋಡಿದರು. “ಅಪ್ಪಾ ಅಂದ್ರ ಹಿಂಗಿರಬೇಕು” ಎಂದು ಗೌಡರಿಗೆ ಹೇಳಿ ನಮ್ಮನ್ನು ಕರೆದುಕೊಂಡು ಹೊರಟರು. ಮರುದಿನದಿಂದ ಭಾಯಿಜಾನ್ ಹಾಸಿಗೆ ಹೊರಗಿನ ಕೋಣೆಗೆ ಹೋಯಿತು. ಆಗವನು ಪಿಯುಸಿ ಓದುತ್ತಿದ್ದ, ಮೀಸೆ ಬಂದಿತ್ತು. ಅಬ್ಬಾಗೆ ಗಿರೀಶ ಕಾರ್ನಾಡರು ಮೆಚ್ಚುಗೆಯಾದದ್ದು ಅದೊಂದೇ ಸಲ ಎಂದು ನಾವು ಬಹಳ ವರ್ಷ ತಿಳಿದಿದ್ದೆವು.

ಆ ಹೊರಗಿನ ಕೋಣೆಯಲ್ಲಿಯೇ ಭಾಯಿಜಾನ್‌ನ ನೋಟ್‌ಬುಕ್ ಹುಟ್ಟಿತು. ಪತ್ರಿಕೆಯಲ್ಲಿ ಕಾರ್ನಾಡರ ಬಗ್ಗೆ ಬಂದದ್ದನ್ನೆಲ್ಲ ಕತ್ತರಿಸಿ, ಮೈದಾ ಅಂಟಿನಿಂದ ಹಚ್ಚುತ್ತಿದ್ದ. ಅದರಿಂದಲೇ ನಾವೂ ಕಲಿತೆವು. 1938ರಲ್ಲಿ ಮಹಾರಾಷ್ಟ್ರದ ಮಾಥೇರಾನಿನಲ್ಲಿ ಹುಟ್ಟು. ತಂದೆ ಸರ್ಕಾರಿ ಡಾಕ್ಟರ್. ಬಾಲ್ಯ ಶಿರಸಿಯಲ್ಲಿ, ಅಲ್ಲಿ ರಾತ್ರಿಯೆಲ್ಲ ಯಕ್ಷಗಾನ ಮತ್ತು ಕಂಪನಿ ನಾಟಕ. ಹದಿನಾಲ್ಕನೆಯ ವಯಸ್ಸಿಗೆ ಧಾರವಾಡ. ಬಾಸೆಲ್ ಮಿಷನ್ ಹೈಸ್ಕೂಲು, ಕರ್ನಾಟಕ ಕಾಲೇಜಿನಲ್ಲಿ ಗಣಿತ. ಅಲ್ಲಿಂದ ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡ್. ಹೋಗುವಾಗ ಇಂಗ್ಲಿಷ್ ಕವಿಯಾಗುವ ಆಸೆ, ಬರೆದದ್ದು ಮಾತ್ರ ಕನ್ನಡ ನಾಟಕ. ಆ ‘ಯಯಾತಿ’ಯನ್ನು 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಅಚ್ಚು ಹಾಕಿತು. ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷರಾಗಿ, 1963ರಲ್ಲಿ ತಿರುಗಿ ಬಂದು ಮದ್ರಾಸಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ಕೆಲಸ ಹಿಡಿದರು. ಅಲ್ಲಿ ಹಗಲು ಆಫೀಸು, ಸಂಜೆ ‘ಮದ್ರಾಸ್ ಪ್ಲೇಯರ್ಸ್’ ಎಂಬ ಹವ್ಯಾಸಿ ತಂಡದಲ್ಲಿ ನಾಟಕ.

ಒಂದು ವಿಷಯ ಭಾಯಿಜಾನ್‌ಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತ್ತು. ಅದರ ಕೆಳಗೆ ಕೆಂಪು ಗೆರೆ ಎಳೆದಿದ್ದ. ಕಾರ್ನಾಡರ ಮನೆಮಾತು ಕೊಂಕಣಿ. “ನೋಡ್ರಿ, ಮನ್ಯಾಗ ಕೊಂಕಣಿ, ಹೊರಗ ಕನ್ನಡ. ನಮ್ದೂ ಹಂಗ. ಮನ್ಯಾಗ ದಖ್ಖನಿ, ಹೊರಗ ಕನ್ನಡ. ಅವರಿಗೆ ಆಗೂದು ನಮಗ್ಯಾಕ ಆಗಬಾರದು?” ಎನ್ನುತ್ತಿದ್ದ. ಆಗ ನಮಗೆ ಇದರಲ್ಲಿ ಏನೂ ತಪ್ಪು ಕಾಣಲಿಲ್ಲ.

ಅಬ್ಬಾಗೆ ಕಂಡಿತ್ತು.

ನಾಟಕವೆಂದರೆ ಅಬ್ಬಾಗೆ ಗೊತ್ತಿಲ್ಲದ ವಸ್ತುವಲ್ಲ. ಇಲ್ಲಿ ಅವರ ಪರವಾಗಿ ಒಂದು ಮಾತು ಹೇಳಲೇಬೇಕು. ಅವರು ಹುಡುಗರಾಗಿದ್ದಾಗ ಕಂಪನಿ ನಾಟಕಗಳ ಕ್ಯಾಂಪು ಬಿದ್ದರೆ ತಿಂಗಳುಗಟ್ಟಲೆ ಊರು ಮಲಗುತ್ತಿರಲಿಲ್ಲವಂತೆ. ಏಣಗಿ ಬಾಳಪ್ಪನವರು ಬಸವಣ್ಣನಾಗಿ ರಂಗಕ್ಕೆ ಬಂದರೆ ಜನ ಕೈಮುಗಿಯುತ್ತಿದ್ದುದನ್ನು ಅಬ್ಬಾ ಕಣ್ಣಾರೆ ಕಂಡವರು. ಆದರೆ ಅದೇ ಅಬ್ಬಾ, ರಾತ್ರಿ ರಾಜನಾಗಿದ್ದವನು ಬೆಳಿಗ್ಗೆ ಕಿರಾಣಿ ಅಂಗಡಿಯ ಮುಂದೆ ಉದ್ರಿಗಾಗಿ ನಿಂತದ್ದನ್ನೂ ಕಂಡಿದ್ದರು. ಕಂಪನಿ ಒಡೆದು ಹೋದಾಗ ಊರಿಗೆ ಮರಳಲು ರೈಲಿನ ಚಾರ್ಜಿಲ್ಲದೆ ಸ್ಟೇಷನ್ನಿನಲ್ಲಿ ಕುಳಿತಿದ್ದ ಒಬ್ಬ ನಟನನ್ನು ಎರಡು ದಿನ ಮನೆಗೆ ಕರೆತಂದು ಉಣಿಸಿದ್ದರಂತೆ. “ಪೇಟ್ ಭರ್ತಾ ಕ್ಯಾ ರೇ?” ಎಂದು ಭಾಯಿಜಾನ್‌ನನ್ನು ಕೇಳುತ್ತಿದ್ದರು. ಹೊಟ್ಟೆ ತುಂಬುತ್ತದೇನೋ? ಅವರ ವಿರೋಧವೆಲ್ಲ ಈ ಮೂರು ಮಾತಿನಲ್ಲಿತ್ತು. ಧರ್ಮದ ಮಾತು ಅವರು ತೆಗೆದದ್ದು ಕಡಿಮೆ.

ಭಾಯಿಜಾನ್ ಬೀಳಗಿಯ ಗೋಹರಬಾಯಿ, ಅಮೀರಬಾಯಿ ಅಕ್ಕತಂಗಿಯರ ಹೆಸರು ಹೇಳುತ್ತಿದ್ದ. ಇಬ್ಬರೂ ಕಂಪನಿ ರಂಗಭೂಮಿಯಿಂದ ಬಂದವರು. ಅಮೀರಬಾಯಿ ಕರ್ನಾಟಕಿ ಮುಂಬಯಿ ಚಿತ್ರರಂಗದಲ್ಲಿ ದೊಡ್ಡ ಗಾಯಕಿಯಾಗಿ ಮೆರೆದವರು. ಅಬ್ಬಾ ಅದಕ್ಕೂ ಸಿದ್ಧವಾಗಿದ್ದರು. “ಅಮೀರಬಾಯಿ ಒಬ್ಬಾಕಿ. ಆಕಿ ಕೂಡ ಬಣ್ಣ ಹಚ್ಚಿದ ಉಳಿದ ನೂರು ಮಂದಿ ಹೆಸರು ಹೇಳು ನೋಡೋಣು.” ಭಾಯಿಜಾನ್ ಕಾರ್ನಾಡರನ್ನು ಮುಂದೆ ಮಾಡಿದರೆ, “ಆಕ್ಸ್‌ಫರ್ಡ್ ಸರ್ಟಿಫಿಕೇಟು ಕೈಯಾಗ ಹಿಡಕೊಂಡು ಕುಣಿಯಾಕ ಅಂಜಿಕಿ ಎಲ್ಲಿದು? ಬಿದ್ದರೂ ಕೆಳಗ ಹಾಸಿಗಿ ಐತಿ. ನಿನಗ ಏನೈತಿ?” ಎನ್ನುತ್ತಿದ್ದರು.

ಈಗ ಯೋಚಿಸಿದರೆ ಅಬ್ಬಾ ಹೇಳಿದ್ದು ಲೆಕ್ಕಕ್ಕೆ ಸರಿಯಾಗಿಯೇ ಇತ್ತು. ಕಾರ್ನಾಡರು ಪ್ರೆಸ್ಸಿನ ಕೆಲಸ ಬಿಟ್ಟದ್ದು 1970ರಲ್ಲಿ, ಅದೂ ಹೋಮಿ ಭಾಭಾ ಫೆಲೋಶಿಪ್ ಕೈಯಲ್ಲಿದ್ದಾಗ. ಅದೇ ವರ್ಷ ‘ಸಂಸ್ಕಾರ’ ಬಂತು. ಅನಂತಮೂರ್ತಿಯವರ ಕಾದಂಬರಿ, ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನ. ಮದ್ರಾಸ್ ಪ್ಲೇಯರ್ಸ್‌ನ ಗೆಳೆಯರೇ ಸೇರಿ ಮಾಡಿದ ಚಿತ್ರ. ಸೆನ್ಸಾರಿನವರು ಮೊದಲು ತಡೆದರು, ಆಮೇಲೆ ಅದೇ ಚಿತ್ರ ರಾಷ್ಟ್ರದ ಅತ್ಯುತ್ತಮ ಚಿತ್ರವೆನಿಸಿಕೊಂಡಿತು. ಪ್ರಾಣೇಶಾಚಾರ್ಯನಾದ ಕಾರ್ನಾಡರು ಹೀಗೆ ಮೂವತ್ತೆರಡನೆಯ ವಯಸ್ಸಿಗೆ ತೆರೆಯ ನಟರಾದರು. ಆಮೇಲೆ ಶ್ಯಾಮ್ ಬೆನಗಲ್ಲರ ‘ನಿಶಾಂತ್’ನಲ್ಲಿ ಹೆಂಡತಿಯನ್ನು ಜಮೀನುದಾರರು ಹೊತ್ತೊಯ್ದಾಗ ಕೈಕಟ್ಟಿ ನಿಂತ ಶಾಲೆ ಮಾಸ್ತರ. 1976ರ ‘ಮಂಥನ್’ನಲ್ಲಿ ಹಳ್ಳಿಗೆ ಬಂದು ಹಾಲಿನ ಸಹಕಾರ ಸಂಘ ಕಟ್ಟುವ ಪಶುವೈದ್ಯ ಡಾ. ರಾವ್. ಗುಜರಾತಿನ ಐದು ಲಕ್ಷ ರೈತರು ತಲಾ ಎರಡು ರೂಪಾಯಿ ಹಾಕಿ ತೆಗೆಸಿದ ಚಿತ್ರವದು. ಗೌಡರ ಅವ್ವನಿಗೆ ಇದನ್ನು ನಾವು ಹೇಳಿದಾಗ, “ಎರಡು ರೂಪಾಯಿಗೆ ಹಾಲೂ ಬಂತು, ಸಿನಿಮಾನೂ ಬಂತು” ಎಂದಿದ್ದಳು.

ನಟನಾಗಿ ಕಾರ್ನಾಡರು ಹೇಗೆ? ನಮ್ಮ ಮನೆಯಲ್ಲಿ ಇದರ ಮೇಲೆ ಜಗಳಗಳೇ ಆಗಿವೆ. ನಾಸಿರುದ್ದೀನ್ ಶಾ ಅವರಂತೆ ಪಾತ್ರದೊಳಗೆ ಕರಗಿ ಕಾಣದಂತಾಗುವ ನಟರು ಅವರಲ್ಲ ಎಂದೇ ನಮ್ಮ ಅಭಿಪ್ರಾಯ. ಎಷ್ಟೇ ಬಣ್ಣ ಹಚ್ಚಿದರೂ ಓದಿದ ಮನುಷ್ಯನೊಬ್ಬ ಒಳಗೆ ಕುಳಿತಿರುತ್ತಾನೆ. ಆದರೆ ಎದುರಿನವನ ಮಾತನ್ನು ಅವರಂತೆ ಕೇಳಿಸಿಕೊಳ್ಳುವ ನಟರನ್ನು ನಾವು ಹೆಚ್ಚು ಕಂಡಿಲ್ಲ. ಸ್ವಾಮಿ ಸುಳ್ಳು ಹೇಳುವಾಗ ಆ ಅಪ್ಪನ ಮುಖ ನೋಡಿ. ಸುಳ್ಳು ಎಂದು ಗೊತ್ತಾಗಿದೆ, ಗೊತ್ತಾಗಿದೆಯೆಂದು ತೋರಿಸುವುದಿಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ‘ಟರ್ನಿಂಗ್ ಪಾಯಿಂಟ್’ ಎಂಬ ವಿಜ್ಞಾನ ಕಾರ್ಯಕ್ರಮದಲ್ಲಿಯೂ ಅವರು ನಿರೂಪಕರಾಗಿ ಬಂದರು. ಪ್ರೊಫೆಸರ್ ಯಶ್‌ಪಾಲ್ ಮಕ್ಕಳ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದ ಕಾರ್ಯಕ್ರಮವದು. ಆ ಹೊತ್ತಿಗೆ ನಮ್ಮ ಮನೆಗೂ ಒಂದು ಹಳೆಯ ಕಪ್ಪು-ಬಿಳುಪು ಟಿವಿ ಬಂದಿತ್ತು. ಅಬ್ಬಾ ಅದನ್ನು ತಪ್ಪದೆ ನೋಡುತ್ತಿದ್ದರು. ಯಂತ್ರದ ಕೆಲಸ ಮಾಡುವವರಿಗೆ ಅದು ಹಿಡಿಸಿತ್ತು. ಯಾರು ಮಾತಾಡುತ್ತಿದ್ದಾರೆ ಎಂದು ಮಾತ್ರ ನಾವು ಅವರಿಗೆ ನೆನಪಿಸಲು ಹೋಗಲಿಲ್ಲ.

1990ರಲ್ಲಿ ಭಾಯಿಜಾನ್ ಧಾರವಾಡದಲ್ಲಿ ಬಿ.ಎ. ಓದುತ್ತಿದ್ದ. ದಿನಾ ಪ್ಯಾಸೆಂಜರ್ ಗಾಡಿಯಲ್ಲಿ ಹೋಗಿ ಬರುವುದು. ಆ ವರ್ಷ ಕಾಲೇಜಿನಲ್ಲಿ ‘ತುಘಲಕ್’ ಆಡಲು ನಿರ್ಧರಿಸಿದರು. ಭಾಯಿಜಾನ್ ಸುಭಾಸ ರಸ್ತೆಯ ಮನೋಹರ ಗ್ರಂಥಮಾಲೆಯ ಅಟ್ಟ ಹತ್ತಿ ಹೋಗಿ ಪುಸ್ತಕ ಕೊಂಡು ತಂದ. ಬೇಂದ್ರೆ, ಕುರ್ತಕೋಟಿ, ಕಾರ್ನಾಡ ಎಲ್ಲ ಹತ್ತಿಳಿದ ಮೆಟ್ಟಿಲುಗಳನ್ನು ತಾನೂ ಹತ್ತಿದೆನೆಂದು ಒಂದು ವಾರ ಬೀಗಿದ.

‘ತುಘಲಕ್’ ಬಂದದ್ದು 1964ರಲ್ಲಿ, ಕಾರ್ನಾಡರಿಗೆ ಆಗ ಇಪ್ಪತ್ತಾರು. ನಮ್ಮಲ್ಲಿ ತಲೆಕೆಟ್ಟ ಆಡಳಿತಕ್ಕೆ ‘ತುಘಲಕ್ ದರ್ಬಾರು’ ಎಂದು ಬಯ್ಯುವ ರೂಢಿಯಿದೆ. ನಾಟಕದ ಸುಲ್ತಾನ ಅಂಥ ಹುಚ್ಚನಲ್ಲ. ಹಿಂದೂ ಮುಸಲ್ಮಾನರಿಗೆ ಒಂದೇ ನ್ಯಾಯ ಕೊಡಲು ಹೊರಟು, ತನ್ನ ಜಾಣತನದಿಂದಲೇ ಎಲ್ಲವನ್ನೂ ಕೆಡಿಸಿಕೊಂಡು, ಕಡೆಗೆ ಹೆಣಗಳ ನಡುವೆ ಒಬ್ಬನೇ ಉಳಿಯುವವನು. ನೆಹರೂ ಕಾಲದ ಕನಸುಗಳು ಸೊರಗಿದ ಕಥೆಯನ್ನು ಅದರಲ್ಲಿ ಓದಿದವರು ಬಹಳ. ದೆಹಲಿಯ ಪುರಾನಾ ಕಿಲಾದಲ್ಲಿ ಅಲ್ಕಾಜಿಯವರು ಆಡಿಸಿದ್ದು, ಕನ್ನಡದಲ್ಲಿ ಸಿ.ಆರ್. ಸಿಂಹ ತುಘಲಕ್ ಆಗಿದ್ದು, ಇವೆಲ್ಲ ರಂಗಭೂಮಿಯ ಇತಿಹಾಸದಲ್ಲಿ ಸೇರಿಹೋಗಿವೆ.

ಭಾಯಿಜಾನ್‌ಗೆ ಸುಲ್ತಾನನ ಪಾತ್ರ ಸಿಗಲಿಲ್ಲ. ಅದು ಧಾರವಾಡದ ಬ್ರಾಹ್ಮಣ ಹುಡುಗನೊಬ್ಬನಿಗೆ ಹೋಯಿತು. ಭಾಯಿಜಾನ್‌ಗೆ ಬಂದದ್ದು ಅಜೀಜ್. ನಾಟಕ ಓದಿದವರಿಗೆ ಗೊತ್ತು, ಅಜೀಜ್ ಎಂದರೆ ಒಬ್ಬ ಮುಸಲ್ಮಾನ ಅಗಸ. ಸುಲ್ತಾನನ ಹೊಸ ನ್ಯಾಯದ ಲಾಭ ಪಡೆಯಲು ಬ್ರಾಹ್ಮಣ ವೇಷ ಹಾಕಿ ವಿಷ್ಣುಪ್ರಸಾದನಾಗುತ್ತಾನೆ. ಹೀಗಾಗಿ ತಾಲೀಮಿನಲ್ಲಿ ಒಂದು ಮಜಾ ನಡೆಯಿತು. ಬ್ರಾಹ್ಮಣ ಹುಡುಗ ನಮ್ಮ ಭಾಯಿಜಾನ್‌ಗೆ ಧೋತರದ ಕಚ್ಚೆ ಹಾಕಲು ಕಲಿಸಿದ. ಭಾಯಿಜಾನ್ ಅವನಿಗೆ ನಮಾಜಿನಲ್ಲಿ ಕೈ ಎಲ್ಲಿ ಕಟ್ಟಬೇಕು, ರುಕೂ ಹೇಗೆ, ಸಜ್ದಾ ಹೇಗೆ ಎಂದು ಕಲಿಸಿದ. ಸುಲ್ತಾನನನ್ನು ಕೊಲ್ಲುವ ಸಂಚು ನಡೆಯುವುದೇ ನಮಾಜಿನ ಹೊತ್ತಿನಲ್ಲಿ, ಹಾಗಾಗಿ ಆ ದೃಶ್ಯ ಬಿಡುವ ಹಾಗಿರಲಿಲ್ಲ.

ಮನೆಗೆ ಸುದ್ದಿ ಮುಟ್ಟಿದಾಗ ಮೊದಲ ಸಲ ಅಬ್ಬಾ ಧರ್ಮದ ಮಾತು ತೆಗೆದರು. ನಮಾಜು ಆಟದ ವಸ್ತುವೇ ಎಂದು ಕೇಳಿದರು. ಭಾಯಿಜಾನ್, ನಾಟಕ ಹೇಳುವುದೂ ಅದನ್ನೇ ಅಲ್ಲವೇ, ನಮಾಜನ್ನು ರಾಜಕೀಯದ ಆಟಕ್ಕೆ ಬಳಸಿದರೆ ಏನಾಗುತ್ತದೆ ಎಂದೇ ಅಲ್ಲವೇ ಎಂದ. ಅಬ್ಬಾ ಉತ್ತರ ಕೊಡಲಿಲ್ಲ. ಊಟ ಬಿಟ್ಟೆದ್ದರು. ಆ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿ ಆನಗೋಡಿನಲ್ಲಿ ಶಂಕರ್‌ನಾಗ್ ಅಪಘಾತದಲ್ಲಿ ತೀರಿಕೊಂಡರು. ತಾಲೀಮು ನಡೆಯಲಿಲ್ಲ. ಭಾಯಿಜಾನ್ ಮನೆಗೆ ಬಂದು ಹೊರಗಿನ ಕೋಣೆಯಲ್ಲಿ ಕುಳಿತಿದ್ದ. ಅಬ್ಬಾ ತಾವೇ ಹೋಗಿ ಒಂದು ಕಪ್ ಚಹಾ ಇಟ್ಟು ಬಂದರು.

ನಾಟಕದ ದಿನ ನಾವು ಅಮ್ಮಿಯ ಜೊತೆ ಧಾರವಾಡಕ್ಕೆ ಹೋದೆವು. ಅಬ್ಬಾಗೆ ಎರಡನೇ ಪಾಳಿ ಎಂದಾಗಿತ್ತು. ಭಾಯಿಜಾನ್ ಚೆನ್ನಾಗಿ ಮಾಡಿದ. ತಮ್ಮನಾದವರ ಮಾತೆಂದು ತಿಳಿಯಬೇಡಿ, ಜನ ಸುಲ್ತಾನನಿಗಿಂತ ಅಜೀಜನಿಗೇ ಹೆಚ್ಚು ಚಪ್ಪಾಳೆ ಹೊಡೆದರು. ಮರುದಿನ ಬೆಳಿಗ್ಗೆ ಅಬ್ಬಾ ಚಹಾದಲ್ಲಿ ಬನ್ ಅದ್ದುತ್ತ, ಯಾರ ಮುಖವನ್ನೂ ನೋಡದೆ, “ಆ ಹುಡುಗ ಸಜ್ದಾ ಮಾಡುವಾಗ ಮೊಣಕೈ ನೆಲಕ್ಕ ಹಚ್ಚಿದಾ. ಹಂಗ ಹಚ್ಚಬಾರದು. ಅವಂಗ ಸರಿಯಾಗಿ ಕಲಿಸು” ಎಂದರು. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿದೆವು. ಎರಡನೇ ಪಾಳಿ ಇರಲೇ ಇಲ್ಲ.

ಆ ರಾತ್ರಿಯ ಒಂದು ಸಂಗತಿಯ ಬೆಲೆ ನಮಗೆ ತಿಳಿದದ್ದು ಬಹಳ ತಡವಾಗಿ. ‘ತುಘಲಕ್’ ನಾಟಕದ ಸುಲ್ತಾನ, ಬರನಿ, ಅಜೀಜ್, ಅವನ ಗೆಳೆಯ ಆಜಮ್ ಎಲ್ಲರೂ ಮುಸಲ್ಮಾನರು. ಅವರೆಲ್ಲ ಮಾತಾಡುವುದು ನೆಟ್ಟಗಿನ ಕನ್ನಡ. ಯಾರ ನಾಲಿಗೆಯನ್ನೂ ಬರೆದವರು ಸೊಟ್ಟಗೆ ಮಾಡಿಲ್ಲ. ಅಗಸನಿಗೂ ಜಾಣ ಮಾತು ಕೊಟ್ಟಿದ್ದಾರೆ.

1994ರ ಆಗಸ್ಟ್ 15ರಂದು ಈದ್ಗಾ ಮೈದಾನದ ಗಲಾಟೆಯಲ್ಲಿ ಗೋಲಿಬಾರ್ ಆಯಿತು, ಹುಬ್ಬಳ್ಳಿಗೆ ಕರ್ಫ್ಯೂ ಬಿತ್ತು. ಕರ್ಫ್ಯೂ ಸಡಿಲವಾದ ಮೇಲೆ ಭಾಯಿಜಾನ್ ಬೆಂಗಳೂರಿಗೆ ಹೊರಟುನಿಂತ. ಅಬ್ಬಾ ತಡೆಯಲಿಲ್ಲ, ದುಡ್ಡೂ ಕೊಡಲಿಲ್ಲ. ಅಮ್ಮಿ ತನ್ನ ಉಳಿತಾಯದ ಎಂಟು ನೂರು ರೂಪಾಯಿ ಕೊಟ್ಟಳು.

ಬೆಂಗಳೂರಿನಲ್ಲಿ ಕನ್ನಡ ಟಿವಿ ಆಗ ಕಣ್ಣು ಬಿಡುತ್ತಿತ್ತು. ಖಾಸಗಿ ಚಾನೆಲ್ಲು ಬಂತು, ದಿನದ ಧಾರಾವಾಹಿಗಳು ಬಂದವು. ರಂಗಭೂಮಿಯ ಹುಡುಗರಿಗೆ ಕೆಲಸ ಸಿಗುತ್ತದೆಂದು ಎಲ್ಲರೂ ಹೇಳುತ್ತಿದ್ದರು. ಭಾಯಿಜಾನ್‌ಗೂ ಸಿಕ್ಕಿತು. ಪೇದೆ, ಜವಾನ, ಆಟೋದವನು. ದಿನಗೂಲಿ ಲೆಕ್ಕ, ಅದೂ ತಿಂಗಳು ಬಿಟ್ಟು. ಹವ್ಯಾಸಿ ತಂಡದಲ್ಲಿ ಸಂಜೆ ನಾಟಕ, ಅದಕ್ಕೆ ಕೈಯಿಂದಲೇ ಖರ್ಚು. 1999ರಲ್ಲಿ ಒಂದು ಧಾರಾವಾಹಿಯಲ್ಲಿ ಹೆಸರಿರುವ ಪಾತ್ರ ಸಿಕ್ಕಿತೆಂದು ಪತ್ರ ಬರೆದ. ಆ ಧಾರಾವಾಹಿಯ ಹೆಸರು ಇಲ್ಲಿ ಬೇಡ. ಓಣಿಯ ಎಲ್ಲರಿಗೂ ಹೇಳಿದೆವು. ಅಷ್ಟರಲ್ಲಿ ತೀರಾ ಮುದುಕಿಯಾಗಿದ್ದ ಗೌಡರ ಅವ್ವನನ್ನು ನಮ್ಮ ಮನೆಗೇ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದೆವು. ಈ ಸಲ ಕನ್ನಡದ್ದೇ ಧಾರಾವಾಹಿ, ಅನುವಾದ ಬೇಕಿರಲಿಲ್ಲ.

ಭಾಯಿಜಾನ್ ತೆರೆಯ ಮೇಲೆ ಬಂದ. ತಲೆಗೆ ಬಲೆಬಲೆಯ ಟೋಪಿ, ಕೊರಳಿಗೆ ತಾಯಿತ, ಚೌಕಡ ಲುಂಗಿ. ಬಾಯಿ ತೆರೆದ. “ನಮ್ದೂಕೆ ಏನ್ ಗೊತ್ತಿಲ್ಲ ಸಾಮಿ, ನಿಮ್ದೂಕೆ ಹೇಳ್ದಂಗೆ ಮಾಡ್ತಾನೆ” ಎಂದ.

ಅಮ್ಮಿ ಮಗನನ್ನು ಕಂಡ ಸಂತೋಷದಲ್ಲಿ ಮಾತನ್ನು ಗಮನಿಸಲೇ ಇಲ್ಲ. ಗೌಡರ ಅವ್ವ ಹುಬ್ಬು ಗಂಟಿಕ್ಕಿ, “ಇಂವಾ ಏನಂದಾ? ಹೇಳ್ರಿ” ಎಂದಳು. ಹಿಂದಿಯನ್ನು ಅವಳಿಗೆ ಎಷ್ಟು ವರ್ಷ ಬಿಡಿಸಿ ಹೇಳಿದ್ದೆವು. ಅಂದು ಹೇಳಲು ಬರಲಿಲ್ಲ. ಅಬ್ಬಾ ಎದ್ದು ನಿಂತು ಕೇಳಿದರು: “ನಮ್ಮ ಮನ್ಯಾಗ ಯಾರು ಹಿಂಗ ಮಾತಾಡ್ತಾರ?” ಹೊರಗೆ ಹೋದವರು ಇಶಾ ನಮಾಜು ಮುಗಿಸಿಯೇ ಬಂದರು.

ಆಮೇಲೆ ಭಾಯಿಜಾನ್ ಹೇಳಿದ. ಶೂಟಿಂಗಿನ ದಿನ ಅವನು ಎಂದಿನ ಕನ್ನಡದಲ್ಲೇ ಮಾತಾಡಿದ್ದನಂತೆ. “ಸಾಬರ ಭಾಷೆ ಮಾತಾಡ್ರಿ” ಎಂದರಂತೆ. “ನಾನು ಸಾಬನೇ ಸರ್, ಇದೇ ನನ್ನ ಭಾಷೆ” ಎಂದನಂತೆ. “ನಿಮ್ ಭಾಷೆ ಬೇಡ ಕಣ್ರೀ, ಸಾಬರ ಭಾಷೆ ಬೇಕು” ಎಂದರಂತೆ. ಇದನ್ನು ಹೇಳಿ ಅವನು ನಕ್ಕ, ನಾವೂ ನಕ್ಕೆವು. ಆ ಧಾರಾವಾಹಿ ಮುಗಿಯುವವರೆಗೂ ಅವನು ಅದೇ ಮಾತು ಆಡಿದ. ಬಾಡಿಗೆ ಕಟ್ಟಬೇಕಿತ್ತು. ಅದು ಮುಗಿದ ಮೇಲೆ ಬಂದ ಪಾತ್ರಗಳೆಲ್ಲ ಅದೇ ಟೋಪಿಯವು.

ಕಾರ್ನಾಡರೂ ಬಾಡಿಗೆಗಾಗಿ ಬಣ್ಣ ಹಚ್ಚಿದವರೇ. ಅದನ್ನು ಅವರು ಮುಚ್ಚಿಡಲಿಲ್ಲ. ನಾಟಕ ಬರೆದು ಸಂಸಾರ ನಡೆಯದು, ಹಾಗಾಗಿ ಹಿಂದಿ, ತಮಿಳು, ತೆಲುಗು ಎಲ್ಲಿ ಕರೆದರೂ ಹೋದರು. ‘ಸುರ್ ಸಂಗಮ್’ನಲ್ಲಿ ಹಿಂದೂಸ್ತಾನಿ ಗಾಯಕ, ‘ಆನಂದ ಭೈರವಿ’ಯಲ್ಲಿ ಕೂಚಿಪುಡಿ ಗುರು, 1994ರ ತಮಿಳು ‘ಕಾದಲನ್’ನಲ್ಲಿ ಕೇಡಿಗ ರಾಜ್ಯಪಾಲ, ‘ಏಕ್ ಥಾ ಟೈಗರ್’ನಲ್ಲಿ ಗೂಢಚಾರರ ಮುಖ್ಯಸ್ಥ. ‘ತಲೆದಂಡ’ ಬರೆದವರು ಇಂಥದ್ದೆಲ್ಲ ಮಾಡಬೇಕೇ ಎಂದು ಸಾಹಿತ್ಯದವರು ಮೂಗು ಮುರಿದರು. ನಮಗಂತೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ, ದುಡಿದು ತಿನ್ನುವ ಕೆಲಸವದು. ಕೊಂಕಣಿ ಮನೆಮಾತಿನ ಮನುಷ್ಯ ಮಾಧ್ವ ಆಚಾರ್ಯನಾದ, ಗುಜರಾತಿನ ಹಳ್ಳಿಯ ಡಾಕ್ಟರಾದ, ತಮಿಳಿನ ಕೇಡಿಗನಾದ. ಎಲ್ಲಿಯೂ ಯಾರೂ ಅವರನ್ನು ಕೊಂಕಣಿಗರ ಹಾಗೆ ಮಾತಾಡಿ ನಗಿಸು ಎನ್ನಲಿಲ್ಲ. ಕೆಂಪು ಗೆರೆ ಎಳೆದಾಗ ಭಾಯಿಜಾನ್‌ನ ಲೆಕ್ಕದಲ್ಲಿ ಇದು ಬಿಟ್ಟುಹೋಗಿತ್ತು.

2005ರಲ್ಲಿ ‘ಇಕ್ಬಾಲ್’ ಬಂತು. ಕಿವಿ ಕೇಳದ, ಮಾತು ಬಾರದ ಮುಸಲ್ಮಾನ ರೈತನ ಮಗನೊಬ್ಬ ಕ್ರಿಕೆಟ್ ಬೌಲರ್ ಆಗಬೇಕೆನ್ನುತ್ತಾನೆ. ಅಪ್ಪನಿಗೆ ಅದು ಬೇಡ, ಹೊಲ ನೋಡು ಎನ್ನುತ್ತಾನೆ. ಕ್ರಿಕೆಟ್ ಅಕಾಡೆಮಿಯ ಗುರೂಜಿಯಾಗಿ ಕಾರ್ನಾಡರು. ದುಡ್ಡಿನವರ ಮಗನಿಗಾಗಿ ಇಕ್ಬಾಲ್‌ನನ್ನು ಹೊರಗೆ ಹಾಕುವವರು ಅವರೇ. ಈದ್‌ಗೆಂದು ಊರಿಗೆ ಬಂದಿದ್ದ ಭಾಯಿಜಾನ್ ಅದನ್ನು ನಮ್ಮೆಲ್ಲರ ಜೊತೆ ಕುಳಿತು ನೋಡಿ, “ನೋಡ್ರಿ, ಹದಿನೆಂಟು ವರ್ಷ ನೋಟ್‌ಬುಕ್ ಮಾಡಿದೆ. ಕಡೀಕ ಅವರೇ ನನ್ನ ಹೊರಗ ಹಾಕಿದ್ರು” ಎಂದು ಹೊಟ್ಟೆ ಹಿಡಿದು ನಕ್ಕ. ಅಬ್ಬಾ ನಗಲಿಲ್ಲ. ಇಕ್ಬಾಲ್‌ನ ಅಪ್ಪ ತೆರೆಯ ಮೇಲೆ ಬಂದಾಗಲೆಲ್ಲ ಅವರು ಬೇರೆ ಕಡೆ ನೋಡುತ್ತಿದ್ದರು.

ಅದೇ ವರ್ಷ ಭಾಯಿಜಾನ್ ಬೆಂಗಳೂರಿನ ರಂಗಶಂಕರದಲ್ಲಿ ಕಾರ್ನಾಡರ ‘ಒಡಕಲು ಬಿಂಬ’ ನೋಡಿದ. ಶಂಕರ್‌ನಾಗ್ ನೆನಪಿನಲ್ಲಿ ಅರುಂಧತಿ ನಾಗ್ ಕಟ್ಟಿಸಿದ ರಂಗಮಂದಿರ, ರಂಗದ ಮೇಲೆಯೂ ಅವರೇ. ಟಿವಿ ಸ್ಟುಡಿಯೋದಲ್ಲಿ ಭಾಷಣ ಮಾಡಲು ಬಂದ ಲೇಖಕಿ, ಭಾಷಣ ಮುಗಿಸಿ ಏಳುವಾಗ ಟಿವಿಯಲ್ಲಿರುವ ಅವಳ ಮುಖವೇ ಅವಳನ್ನು ತಡೆದು ಪ್ರಶ್ನೆ ಕೇಳತೊಡಗುತ್ತದೆ. ಕನ್ನಡ ಬಿಟ್ಟು ಇಂಗ್ಲಿಷಿನಲ್ಲಿ ಯಾಕೆ ಬರೆದೆ ಎಂಬಲ್ಲಿಂದ ಹಿಡಿದು ಮನೆಯ ಒಳಗುಟ್ಟಿನವರೆಗೆ. ನಾಟಕ ಮುಗಿದ ಮೇಲೆ ಎದ್ದು ಬರಲು ಕಾಲೇ ಬರಲಿಲ್ಲ ಎಂದು ಭಾಯಿಜಾನ್ ಫೋನಿನಲ್ಲಿ ಹೇಳಿದ. ಟಿವಿಯಲ್ಲಿರುವ ತನ್ನ ಮುಖ, ಆ ಟೋಪಿಯ ಮುಖ, ಹಾಗೆಯೇ ತಿರುಗಿ ಮಾತಾಡಿದರೆ ಏನು ಕೇಳಬಹುದು ಎಂದು ಯೋಚಿಸಿದನಂತೆ.

ಮರುವರ್ಷ ಅಬ್ಬಾಗೆ ಪಾರ್ಶ್ವವಾಯು ಹೊಡೆಯಿತು. ಭಾಯಿಜಾನ್ ಊರಿಗೆ ಬಂದ, ಮತ್ತೆ ಹೋಗಲಿಲ್ಲ. ದುರ್ಗದಬೈಲಿನ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಹಿಡಿದ. ಮೂರು ವರ್ಷ ಅಬ್ಬಾಗೆ ಅನ್ನ ಉಣಿಸಿದ್ದು, ಮೈ ಒರೆಸಿದ್ದು ಅವನೇ. ನಾಲಿಗೆ ಅರ್ಧ ಬಿದ್ದುಹೋಗಿದ್ದ ಅಬ್ಬಾ ಕೆಲವೊಮ್ಮೆ ರಾತ್ರಿ ಅವನಿಗೆ ಸನ್ನೆ ಮಾಡಿ ‘ಅಜೀಜ್’ ಎನ್ನುತ್ತಿದ್ದರು. ಅವನು ವಿಷ್ಣುಪ್ರಸಾದನ ಮಾತು ಹೇಳುತ್ತಿದ್ದ. ಕೋಣೆಯ ಬಾಗಿಲಲ್ಲಿ ನಿಂತು ನಾವು ಕೇಳುತ್ತಿದ್ದೆವು. 2009ರಲ್ಲಿ ಅಬ್ಬಾ ಹೋದರು.

ಕಾರ್ನಾಡರ ಟಿಪ್ಪು ನಾಟಕದಲ್ಲಿ ಒಂದು ಸಲ ಟಿಪ್ಪುವಾಗಬೇಕೆಂಬ ಆಸೆ ಭಾಯಿಜಾನ್‌ಗೆ ಇತ್ತು. ಟಿಪ್ಪು ತನ್ನ ಕನಸುಗಳನ್ನು ಪಾರ್ಸಿಯಲ್ಲಿ ತಾನೇ ಬರೆದಿಟ್ಟಿದ್ದ. ಆ ಪುಸ್ತಕ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ಕೈಸೇರಿ ಲಂಡನ್ನಿಗೆ ಹೋಯಿತು. ಸ್ವಾತಂತ್ರ್ಯದ ಐವತ್ತನೇ ವರ್ಷಕ್ಕೆ ಬಿಬಿಸಿ ರೇಡಿಯೋ ಕೇಳಿದಾಗ ಕಾರ್ನಾಡರು ಅದರ ಮೇಲೆಯೇ ನಾಟಕ ಬರೆದರು. 2015ರಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಟಿಪ್ಪುವಿನ ಹೆಸರಿಡಬಹುದಿತ್ತು ಎಂದು ಹೇಳಿ ಬೈಸಿಕೊಂಡರು, ಬೆದರಿಕೆಗಳು ಬಂದವು, ಕ್ಷಮೆಯನ್ನೂ ಕೇಳಿದರು. ಆ ಮಾತು ಬೇಕಿರಲಿಲ್ಲ, ಆ ನಾಟಕವೇ ಸಾಕಿತ್ತು ಎಂದು ಭಾಯಿಜಾನ್ ಅನ್ನುತ್ತಿದ್ದ. ನಾವು ಒಪ್ಪಲಿಲ್ಲ. ನಮ್ಮ ಪರವಾಗಿ ಬಾಯಿಬಿಟ್ಟು ಮಾತಾಡುವವರೇ ಕಡಿಮೆ ಇರುವಾಗ ಲೆಕ್ಕ ಹಾಕಿ ಮಾತಾಡು ಎಂದು ಹೇಳುವುದು ಹೇಗೆ?

ಕಡೆಯ ವರ್ಷಗಳಲ್ಲಿ ಕಾರ್ನಾಡರು ಮೂಗಿಗೆ ಆಮ್ಲಜನಕದ ನಳಿಕೆ ಹಾಕಿಕೊಂಡೇ ಓಡಾಡಿದರು. ‘ಟೈಗರ್ ಜಿಂದಾ ಹೈ’ ಚಿತ್ರದಲ್ಲಿ ಆ ನಳಿಕೆಯೊಂದಿಗೇ ನಟಿಸಿದರು. 2018ರ ಸೆಪ್ಟೆಂಬರಿನಲ್ಲಿ ಗೌರಿ ಲಂಕೇಶ್ ಹತ್ಯೆಯ ವರ್ಷದ ನೆನಪಿನ ಸಭೆಗೂ ಅದರೊಂದಿಗೇ ಬಂದು, ಕೊರಳಿಗೆ ಫಲಕ ಹಾಕಿಕೊಂಡು ಕುಳಿತರು. 2019ರ ಜೂನ್ 10ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಸರ್ಕಾರಿ ಗೌರವ ಬೇಡ, ಮೆರವಣಿಗೆ ಬೇಡ, ವಿಧಿಗಳು ಬೇಡ ಎಂದಿದ್ದರು. ರಾತ್ರಿಯ ಗಾಡಿಗೆ ಹೊರಡಲು ಚೀಲ ಕಟ್ಟಿದ್ದ ಭಾಯಿಜಾನ್ ಟಿವಿಯಲ್ಲಿ ಅದನ್ನು ಕೇಳಿ ಚೀಲ ಬಿಚ್ಚಿದ. “ಹೋಗಿ ನಿಂದರಾಕ ಜಾಗಾನೇ ಇಟ್ಟಿಲ್ಲ ನೋಡ್ರಿ” ಎಂದ.

ಅವನಿಗೀಗ ಐವತ್ತು ದಾಟಿ ಕೆಲವು ವರ್ಷಗಳಾಗಿವೆ. ಓಣಿಯ ಉರ್ದು ಶಾಲೆಯಲ್ಲಿ ಪ್ರತಿವರ್ಷ ಗ್ಯಾದರಿಂಗಿಗೆ ಮಕ್ಕಳಿಗೆ ಒಂದು ಕನ್ನಡ ನಾಟಕ ಕಲಿಸುತ್ತಾನೆ. ಸಂಬಳವಿಲ್ಲ. ಅಂಗಡಿಯಿಂದ ಬೇಗ ಬಿಡಿಸಿಕೊಂಡು ಹೋಗುತ್ತಾನೆ. ಕಳೆದ ಸಲ ನಾವೂ ತಾಲೀಮು ನೋಡಲು ಹೋಗಿದ್ದೆವು. ಏಳನೇ ಇಯತ್ತೆಯ ಹುಡುಗನೊಬ್ಬನಿಗೆ ಬಳೆ ಅಂಗಡಿಯವನ ಪಾತ್ರ. ಹುಡುಗ ಚುರುಕು. ಜನ ನಗಲಿ ಎಂದು ತಾನೇ ಶುರುಮಾಡಿದ: “ನಮ್ದೂಕೆ ಬಳೆ ಚೆನ್ನಾಗೈತೆ, ನಿಮ್ದೂಕೆ ತಗೋಳಿ...” ಉಳಿದ ಮಕ್ಕಳು ಬಿದ್ದು ಬಿದ್ದು ನಕ್ಕರು.

ಭಾಯಿಜಾನ್ ಕೈ ಎತ್ತಿ ನಿಲ್ಲಿಸಿದ. ಬಯ್ಯಲಿಲ್ಲ. ಹುಡುಗನ ಹತ್ತಿರ ಹೋಗಿ ಕೇಳಿದ.

“ನಿಮ್ಮ ಅಬ್ಬಾಂದು ಬಳಿ ಅಂಗಡಿ ಐತಲ್ಲ?”

“ಹೌದ್ರಿ ಸರ್.”

“ಅಂಗಡ್ಯಾಗ ಅವರು ಹಿಂಗ ಮಾತಾಡ್ತಾರೇನು?”

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. “ಇಲ್ರಿ.”

“ಮತ್ತ ಹೆಂಗ ಮಾತಾಡ್ತಾರ? ಮಾತಾಡಿ ತೋರಿಸು.”

ಹುಡುಗ ಒಮ್ಮೆ ನಮ್ಮ ಕಡೆ ನೋಡಿದ. ಆಮೇಲೆ ಎಡಗೈ ಮುಂದೆ ಚಾಚಿ, ಯಾರದೋ ಕೈಯನ್ನು ಮೆಲ್ಲಗೆ ಹಿಡಿದವನಂತೆ ಬೆರಳು ಮಡಚಿ, ತಲೆ ಬಗ್ಗಿಸಿಯೇ ಹೇಳಿದ: “ಕೈ ಸಡ್ಲ ಬಿಡ್ರಿ ಅಕ್ಕಾರ. ಹಸಿರು ಬಳಿ ಇವು, ಬಿಗಿ ಹಿಡಿದ್ರ ಒಡೀತಾವ.”